ರಿಪೋರ್ಟ್ ಎಲ್ಲಾ ನಾರ್ಮಲ್, ಹೊಟ್ಟೆನೋವು ಮಾತ್ರ ಹೋಗಿಲ್ಲ: ಮುಂದೇನು?

ಪ್ರಶ್ನೆ: ನನಗೆ 37 ವರ್ಷ. ಪಾಂಡವಪುರ ತಾಲ್ಲೂಕಿನ ಹಳ್ಳಿಯವಳು. ಇಬ್ಬರು ಮಕ್ಕಳು. ಎರಡನೆಯದು ಸಿಸೇರಿಯನ್, ಆಗಲೇ ಮಕ್ಕಳಾಗದ ಆಪರೇಶನ್ ಕೂಡ ಮಾಡಿಸಿದೆವು. ಎರಡು ವರ್ಷದಿಂದ ಹೊಕ್ಕಳಿನ ಬಲಗಡೆ ನೋವು. ದಿನಾ ಇರುತ್ತದೆ, ಒಮ್ಮೊಮ್ಮೆ ಸೂಜಿ ಚುಚ್ಚಿದ ಹಾಗೆ. ಹಾಲು ಕರೆದು ಎದ್ದಾಗ, ಬಿಂದಿಗೆ ಎತ್ತಿದಾಗ, ರಾತ್ರಿ ಮಗ್ಗುಲು ಬದಲಿಸಿದಾಗ ಜಾಸ್ತಿ. ಊಟಕ್ಕೂ ಇದಕ್ಕೂ ಸಂಬಂಧ ಕಾಣುವುದಿಲ್ಲ. ಮೂರು ಸಲ ಸ್ಕ್ಯಾನಿಂಗ್, ಒಂದು ಸಲ ಎಂಡೋಸ್ಕೋಪಿ, ಒಂದು ಸಿಟಿ ಸ್ಕ್ಯಾನ್ ಆಯಿತು. ಎಲ್ಲಾ ನಾರ್ಮಲ್. ಎಂಡೋಸ್ಕೋಪಿಯಲ್ಲಿ ‘ಸ್ವಲ್ಪ ಗ್ಯಾಸ್ಟ್ರೈಟಿಸ್’ ಅಂತ ಬರೆದಿದ್ದಾರೆ. ಒಂದು ವರ್ಷದಿಂದ ಬೆಳಿಗ್ಗೆ ಗ್ಯಾಸ್ ಮಾತ್ರೆ ನುಂಗುತ್ತಿದ್ದೇನೆ, ಏನೂ ಉಪಯೋಗವಿಲ್ಲ. ಒಬ್ಬರು ಟೆನ್ಶನ್ ಅಂದರು. ಅತ್ತೆ ಬಟ್ಟಿ ಜಾರಿದೆ ಅಂತ ಎರಡು ಸಲ ತೆಗೆಸಿದರು. ಈಗ ಒಬ್ಬ ಸರ್ಜನ್ ಅಪೆಂಡಿಕ್ಸ್ ತೆಗೆದು ನೋಡೋಣ ಅನ್ನುತ್ತಿದ್ದಾರೆ. ಮನೆಯಲ್ಲಿ ಇವಳು ಕೆಲಸ ತಪ್ಪಿಸಲು ನಾಟಕ ಆಡುತ್ತಾಳೆ ಅನ್ನುವ ಮಾತೂ ಬಂದಿದೆ. ಆಪರೇಶನ್ ಮಾಡಿಸಲಾ? ಇಲ್ಲ ಬೆಂಗಳೂರಿಗೆ ಹೋಗಿ ಎಲ್ಲಾ ಟೆಸ್ಟ್ ಮತ್ತೆ ಮಾಡಿಸಲಾ?

ಉತ್ತರ: ಕೊನೆಯ ಎರಡು ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಯಾಕೆಂದರೆ ನಿಮಗೆ ಬೇಕಾಗಿರುವುದು ಅದು. ಆಪರೇಶನ್‌ಗೆ ಈಗಲೇ ಒಪ್ಪಬೇಡಿ. ಅದೇ ಟೆಸ್ಟ್‌ಗಳನ್ನು ಬೆಂಗಳೂರಿನಲ್ಲಿ ಮತ್ತೆ ಮಾಡಿಸಲೂ ಬೇಡಿ. ನೀವು ಬರೆದಿರುವುದರಲ್ಲಿ ಒಂದು ಪರೀಕ್ಷೆ ಕಾಣುತ್ತಿಲ್ಲ. ಅದಕ್ಕೆ ಯಾವ ಮೆಷಿನ್ನೂ ಬೇಡ, ಒಂದು ಮಂಚ ಮತ್ತು ಡಾಕ್ಟರ ಒಂದು ಬೆರಳು ಸಾಕು. ಅದು ಆಗುವವರೆಗೆ ಬೇರೇನೂ ಮಾಡಿಸಬೇಡಿ ಅನ್ನುವುದು ನನ್ನ ಸಲಹೆ.

ಇನ್ನೊಂದು ಮಾತು. ನಿಮ್ಮ ನೋವು ನಿಜ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ. ನಾಟಕ ಆಡುವವರು ‘ಮಗ್ಗುಲು ಬದಲಿಸಿದಾಗ ಜಾಸ್ತಿ, ಊಟಕ್ಕೆ ಸಂಬಂಧವಿಲ್ಲ’ ಅಂತ ಇಷ್ಟು ಖಚಿತವಾಗಿ ಹೇಳುವುದಿಲ್ಲ. ಆ ಎರಡು ಮಾತಿನಲ್ಲೇ ಒಂದು ದೊಡ್ಡ ಸುಳಿವು ಇದೆ.

ನಮ್ಮ ಕಡೆ ಎಲ್ಲರೂ ನಂಬಿರುವುದು ಏನೆಂದರೆ, ಸ್ಕ್ಯಾನ್‌ನಲ್ಲಿ ಏನೂ ಇಲ್ಲ ಅಂದರೆ ಹೊಟ್ಟೆಯಲ್ಲಿ ಏನೂ ಇಲ್ಲ ಅಂತ. ಹಾಗಲ್ಲ. ಒಂದೊಂದು ಟೆಸ್ಟ್ ಒಂದೊಂದನ್ನು ಮಾತ್ರ ನೋಡುತ್ತದೆ. ಹೊಟ್ಟೆಯ ಮೇಲೆ ಜೆಲ್ ಹಚ್ಚಿ ಮಾಡುವ ಸ್ಕ್ಯಾನಿಂಗ್ ಪಿತ್ತಕೋಶದ ಕಲ್ಲು, ಲಿವರ್, ಕಿಡ್ನಿ, ಗರ್ಭಕೋಶ, ಅಂಡಾಶಯ ಇವನ್ನು ಚೆನ್ನಾಗಿ ತೋರಿಸುತ್ತದೆ. ಕರುಳಿನಲ್ಲಿ ಗಾಳಿ ಇರುವುದರಿಂದ ಅದರ ಒಳಗೋಡೆ ಇದರಲ್ಲಿ ಸರಿಯಾಗಿ ಕಾಣುವುದಿಲ್ಲ. ಎಂಡೋಸ್ಕೋಪಿ ಅನ್ನನಾಳ, ಜಠರ ಮತ್ತು ಸಣ್ಣ ಕರುಳಿನ ಶುರುವಿನ ಸ್ವಲ್ಪ ಭಾಗ ನೋಡಿ ವಾಪಸ್ ಬರುತ್ತದೆ. ಅದರಾಚೆಗೆ ಸುಮಾರು 6 ಮೀಟರ್ ಸಣ್ಣ ಕರುಳು ಇದೆ, ದೊಡ್ಡ ಕರುಳು ಬೇರೆ. ಸಿಟಿ ಸ್ಕ್ಯಾನ್ ಗಡ್ಡೆ, ಊತ, ಕಲ್ಲು, ಕೀವು ಎಲ್ಲಾ ಹಿಡಿಯುತ್ತದೆ, ಆದರೆ ಹೊಟ್ಟೆಯ ಮಾಂಸದೊಳಗೆ ಸಿಕ್ಕಿಕೊಂಡ ಒಂದು ಸಣ್ಣ ನರ ಅದರಲ್ಲಿ ಕಾಣುವುದೇ ಇಲ್ಲ. ಕರುಳಿನ ನರಗಳು ಸುಮ್ನೆ ಸುಮ್ನೆ ಕೆರಳುತ್ತಿದ್ದರೆ ಅದೂ ಕಾಣುವುದಿಲ್ಲ.

ಹಾಗಂತ ಆ ಟೆಸ್ಟ್‌ಗಳು ದಂಡ ಅಲ್ಲ. ಎರಡು ವರ್ಷದ ನೋವಿನ ನಂತರವೂ ಸಿಟಿ ಸ್ಕ್ಯಾನ್ ನಾರ್ಮಲ್ ಬಂದಿದೆ ಅಂದರೆ ದೊಡ್ಡ ಭಯಗಳಲ್ಲಿ ಬಹುಪಾಲು ದೂರವಾಯಿತು. ಆ ಫಿಲ್ಮ್ ಮತ್ತು ರಿಪೋರ್ಟ್ ಜೋಪಾನ ಮಾಡಿ, ಮತ್ತೆ ಮಾಡಿಸಬೇಡಿ. ಹೊಟ್ಟೆಯ ಒಂದು ಸಿಟಿ ಸ್ಕ್ಯಾನ್‌ನಲ್ಲಿ ಮೈಗೆ ಬೀಳುವ ವಿಕಿರಣ, ನಮಗೆ ಮಣ್ಣು ಗಾಳಿ ಆಕಾಶದಿಂದ ತಾನಾಗಿ ಸುಮಾರು 3 ವರ್ಷದಲ್ಲಿ ಬೀಳುವಷ್ಟು. ಅಗತ್ಯ ಇದ್ದಾಗ ಅದು ಲೆಕ್ಕಕ್ಕಿಲ್ಲ. ಆಸ್ಪತ್ರೆ ಬದಲಾಯಿತು ಅಂತ ಮತ್ತೆ ಮತ್ತೆ ಮಾಡಿಸಿದರೆ ಲೆಕ್ಕಕ್ಕೆ ಬರುತ್ತದೆ.

ಈಗ ಆ ‘ಸ್ವಲ್ಪ ಗ್ಯಾಸ್ಟ್ರೈಟಿಸ್’. ಇದರಿಂದ ಎಷ್ಟು ಜನ ದಾರಿ ತಪ್ಪುತ್ತಾರೆ ಅಂದರೆ ನನಗೆ ಬೇಜಾರಾಗುತ್ತದೆ. ಜಠರ ಸ್ವಲ್ಪ ಕೆಂಪಗಿದ್ದರೂ ಹಾಗೆ ಬರೆಯುತ್ತಾರೆ. ನೋವೇ ಇಲ್ಲದ ಎಷ್ಟೋ ಜನರಿಗೆ ಎಂಡೋಸ್ಕೋಪಿ ಮಾಡಿದರೂ ಅದೇ ಕಾಣುತ್ತದೆ. ಜಠರದ ನೋವು ಸಾಮಾನ್ಯವಾಗಿ ಎದೆಗೂಡಿನ ಕೆಳಗೆ, ನಡುಮಧ್ಯದಲ್ಲಿ ಬರುತ್ತದೆ, ಊಟಕ್ಕೋ ಹಸಿವಿಗೋ ತಳುಕು ಹಾಕಿಕೊಂಡಿರುತ್ತದೆ. ನಿಮ್ಮದು ಹೊಕ್ಕಳಿನ ಪಕ್ಕ, ಊಟಕ್ಕೆ ಸಂಬಂಧವಿಲ್ಲ. ಒಂದು ವರ್ಷ ಗ್ಯಾಸ್ ಮಾತ್ರೆ ನುಂಗಿಯೂ ಒಂದು ಚೂರು ಕಡಿಮೆಯಾಗಿಲ್ಲ ಅಂದರೆ ಕಾಯಿಲೆ ಅಲ್ಲಿಲ್ಲ ಅಂತ ಆ ಮಾತ್ರೆಯೇ ಹೇಳಿದ ಹಾಗಾಯಿತು.

ಬಟ್ಟಿ ಜಾರಿದೆ ಅನ್ನುವುದರ ಬಗ್ಗೆ. ಹೊಕ್ಕಳಿನ ಹತ್ತಿರ ಜಾರುವಂತಹ ಅಂಗ ಯಾವುದೂ ಇಲ್ಲ. ಅಲ್ಲಿ ಕೈಗೆ ಸಿಗುವ ಬಡಿತ ಬೆನ್ನುಮೂಳೆಯ ಮುಂದೆ ಹರಿಯುವ ದೊಡ್ಡ ರಕ್ತನಾಳದ್ದು, ತೆಳ್ಳಗಿರುವವರಿಗೆ ಜಾಸ್ತಿ ಗೊತ್ತಾಗುತ್ತದೆ. ನಿಮ್ಮ ಅತ್ತೆಯವರು ಒಳ್ಳೆಯ ಮನಸ್ಸಿನಿಂದಲೇ ಕರೆದುಕೊಂಡು ಹೋಗಿದ್ದಾರೆ, ಅದರಲ್ಲಿ ತಪ್ಪು ಹುಡುಕಬೇಡಿ. ಆದರೆ ಹೊಟ್ಟೆಯನ್ನು ಜೋರಾಗಿ ಹಿಸುಕುವುದು, ಹೊಕ್ಕಳ ಮೇಲೆ ದೀಪ ಇಟ್ಟು ಚೊಂಬು ಬೋರಲು ಹಾಕುವುದು ಇನ್ನು ಬೇಡ. ನೋವಿಗೆ ಕಾರಣ ಹರ್ನಿಯಾನೋ ಊದಿಕೊಂಡ ಅಪೆಂಡಿಕ್ಸೋ ಆಗಿದ್ದರೆ ಹಿಸುಕಿದ್ದೇ ಅಪಾಯ ತರಬಹುದು.

ಇನ್ನು ನಾನು ಹೇಳಿದ ಆ ಬೆರಳಿನ ಪರೀಕ್ಷೆ. ಹೊಟ್ಟೆನೋವು ಅಂತ ಬಂದವರನ್ನು ನಾನು ‘ಎಲ್ಲಿ, ತೋರಿಸಿ’ ಅಂತ ಕೇಳಿ ಅವರ ಕೈ ನೋಡುತ್ತೇನೆ. ಕೆಲವರು ಇಡೀ ಅಂಗೈ ಹೊಟ್ಟೆಯ ಮೇಲೆ ಸವರುತ್ತಾರೆ. ಅವರ ನೋವು ಸಾಮಾನ್ಯವಾಗಿ ಒಳಗಿನದು, ಕರುಳಿನದು. ಇನ್ನು ಕೆಲವರು ಒಂದೇ ಬೆರಳು ಇಡುತ್ತಾರೆ, ಎರಡನೇ ಸಲ ಕೇಳಿದರೂ ಅದೇ ಜಾಗಕ್ಕೆ ಇಡುತ್ತಾರೆ. ಆಗ ನನ್ನ ಅನುಮಾನ ಹೊಟ್ಟೆಯ ಗೋಡೆಯ ಕಡೆ ತಿರುಗುತ್ತದೆ. ಗೋಡೆ ಅಂದರೆ ಚರ್ಮದ ಕೆಳಗಿನ ಮಾಂಸಖಂಡ, ಅದರೊಳಗೆ ಹಾಯುವ ನರ. ಕರುಳಿಗೂ ಅದಕ್ಕೂ ಸಂಬಂಧವಿಲ್ಲ.

ಪರೀಕ್ಷೆ ಹೀಗೆ. ಮಂಚದ ಮೇಲೆ ಅಂಗಾತ ಮಲಗಿಸಿ, ಅತಿ ಹೆಚ್ಚು ನೋಯುವ ಜಾಗ ಹುಡುಕಿ ಅಲ್ಲಿ ಬೆರಳು ಒತ್ತಿ ಹಿಡಿಯುತ್ತೇವೆ. ಬೆರಳು ತೆಗೆಯದೆ, ‘ಕೈ ಎದೆ ಮೇಲೆ ಕಟ್ಟಿಕೊಂಡು ತಲೆ ಮತ್ತು ಭುಜ ಮೇಲೆತ್ತಿ’ ಅನ್ನುತ್ತೇವೆ. ಎತ್ತಿದಾಗ ಹೊಟ್ಟೆಯ ಮಾಂಸಖಂಡ ಬಿಗಿಯುತ್ತದೆ. ನೋವು ಒಳಗಿನ ಅಂಗದ್ದಾದರೆ ಬಿಗಿದ ಮಾಂಸ ಅದಕ್ಕೆ ಅಡ್ಡ ನಿಲ್ಲುತ್ತದೆ, ನೋವು ಕಡಿಮೆ ಅನ್ನಿಸುತ್ತದೆ. ನೋವು ಗೋಡೆಯದ್ದೇ ಆದರೆ ಹಾಗೇ ಇರುತ್ತದೆ, ಇಲ್ಲವೇ ಜೋರಾಗುತ್ತದೆ, ಕೆಲವರು ‘ಅಯ್ಯೋ’ ಅಂತ ಕೈ ತಳ್ಳಿಬಿಡುತ್ತಾರೆ. ಕಾರ್ನೆಟ್ ಅನ್ನುವ ಅಮೆರಿಕದ ಸರ್ಜನ್ 1926ರಲ್ಲಿ ಇದನ್ನು ಬರೆದಿಟ್ಟರು. ಅದಾದ ಮೇಲೆ ಸ್ಕ್ಯಾನಿಂಗ್ ಬಂತು, ಸಿಟಿ ಬಂತು, ಬೆರಳಿಡುವ ಅಭ್ಯಾಸ ಕಡಿಮೆಯಾಯಿತು. ಓಪಿಡಿಯಲ್ಲಿ ಹೊರಗೆ ನೂರು ಜನ ಕಾಯುತ್ತಿರುವಾಗ ಮಲಗಿಸಿ ನೋಡುವಷ್ಟು ಪುರುಸೊತ್ತು ಇರುವುದಿಲ್ಲ, ಚೀಟಿ ಬರೆದು ಸ್ಕ್ಯಾನ್‌ಗೆ ಕಳಿಸುವುದು ಸುಲಭ. ನನಗೆ ಅದು ಅರ್ಥವಾಗುತ್ತದೆ, ಆದರೂ ಸರಿ ಅನ್ನಿಸುವುದಿಲ್ಲ.

ಜೊತೆಗೆ ಇನ್ನೊಂದು ನೋಡುತ್ತೇವೆ. ನೋಯುವ ಜಾಗದ ಚರ್ಮವನ್ನು ಎರಡು ಬೆರಳಲ್ಲಿ ಮೆತ್ತಗೆ ಚಿವುಟುವುದು, ಹತ್ತಿ ಸವರುವುದು, ಆಮೇಲೆ ಎಡಗಡೆ ಅದೇ ಜಾಗಕ್ಕೆ ಹೋಲಿಸುವುದು. ಒಂದು ಕಡೆ ಜುಮ್ಮೆಂದರೆ, ಉರಿದರೆ, ಇಲ್ಲ ಮರಗಟ್ಟಿದ ಹಾಗಿದ್ದರೆ ನರದ ಕಡೆ ಬೆಟ್ಟು ತೋರಿಸುತ್ತದೆ. ಬೆನ್ನುಹುರಿಯಿಂದ ಹೊರಟ ಸಣ್ಣ ನರಗಳು ಪಕ್ಕೆ ಬಳಸಿ ಹೊಟ್ಟೆಯ ಮುಂಭಾಗಕ್ಕೆ ಬರುತ್ತವೆ. ಹೊಕ್ಕಳಿನ ಅಕ್ಕಪಕ್ಕದ ಉದ್ದನೆಯ ಮಾಂಸಖಂಡದ ಹತ್ತಿರ ಅವು ಥಟ್ಟನೆ ತಿರುಗಿ, ಒಂದು ಬಿಗಿ ತೂತಿನ ಮೂಲಕ ಚರ್ಮದ ಕಡೆ ಬರಬೇಕು. ಸೈಕಲ್ಲಿನ ಬ್ರೇಕ್ ವೈರ್ ತಿರುವಿನಲ್ಲಿ ಕಚ್ಚಿಕೊಳ್ಳುತ್ತದಲ್ಲ, ಹಾಗೆ ಈ ನರವೂ ಅಲ್ಲಿ ಸಿಕ್ಕಿಕೊಳ್ಳಬಹುದು. ಬಸುರಿಯಲ್ಲಿ ಹೊಟ್ಟೆ ಹಿಗ್ಗಿದ ಮೇಲೆ, ಆಪರೇಶನ್ ಗಾಯದ ಹತ್ತಿರ, ತೂಕ ಏರಿದಾಗ, ಭಾರ ಎತ್ತಿದ ಮೇಲೆ ಶುರುವಾಗಬಹುದು. ಕಾರಣವೇ ಸಿಗದೆಯೂ ಶುರುವಾಗುತ್ತದೆ. ಎದ್ದಾಗ, ಎತ್ತಿದಾಗ, ಮಗ್ಗುಲಾದಾಗ ಜಾಸ್ತಿ, ಊಟಕ್ಕೆ ಸಂಬಂಧವಿಲ್ಲ ಅನ್ನುವ ನಿಮ್ಮ ಮಾತು ಇದಕ್ಕೆ ಚೆನ್ನಾಗಿ ಹೊಂದುತ್ತದೆ.

ಹೊಂದುತ್ತದೆ ಅಂದೆ, ಅದೇ ಅಂತ ಹೇಳಲಿಲ್ಲ. ಕಾಗದ ಓದಿ ಕಾಯಿಲೆ ಹೆಸರಿಡುವುದು ತಪ್ಪು. ಹೊಕ್ಕಳಿನ ಪಕ್ಕ ಸಣ್ಣ ಹರ್ನಿಯಾ ಇದ್ದರೂ ಇದೇ ಪರೀಕ್ಷೆಯಲ್ಲಿ ನೋವು ಬರುತ್ತದೆ, ಮಲಗಿಸಿ ಮಾಡಿದ ಸ್ಕ್ಯಾನ್‌ನಲ್ಲಿ ಅದು ತಪ್ಪಿಸಿಕೊಳ್ಳಬಹುದು. ಆದ್ದರಿಂದ ನಿಂತುಕೊಂಡು ಕೆಮ್ಮಿಸಿಯೂ ನೋಡಬೇಕು. ಬೆನ್ನುಮೂಳೆಯ ತೊಂದರೆಯಿಂದ, ಸರ್ಪಸುತ್ತು ಆಗಿಹೋದ ಮೇಲೆ, ಹಳೆಯ ಸಕ್ಕರೆ ಕಾಯಿಲೆಯಿಂದಲೂ ಅಲ್ಲಿಗೆ ನೋವು ಬರಬಹುದು. ಇನ್ನೊಂದನ್ನು ನೀವು ಬರೆದಿಲ್ಲ, ಹೆಣ್ಣುಮಕ್ಕಳು ಕೇಳದೆ ಹೇಳುವುದೂ ಇಲ್ಲ: ಮುಟ್ಟಿನ ಸಮಯದಲ್ಲಿ ನೋವು ಏರುತ್ತದಾ? ಸಿಸೇರಿಯನ್ ಹೊಲಿಗೆಯ ಹತ್ತಿರ ಗಂಟು ಇದ್ದು, ಮುಟ್ಟಾದಾಗ ಅದು ಊದಿ ನೋಯುತ್ತದಾ? ಹೌದಾದರೆ ಅದು ಗರ್ಭಕೋಶದ ಒಳಪದರದ ಅಂಗಾಂಶ ಗಾಯದಲ್ಲಿ ಬೆಳೆದಿರುವುದು ಆಗಿರಬಹುದು. ಎಂಡೋಮೆಟ್ರಿಯೋಸಿಸ್ ಅನ್ನುತ್ತಾರೆ. ಅದರ ದಾರಿ ಬೇರೆ, ಸ್ತ್ರೀರೋಗ ತಜ್ಞರನ್ನು ನೋಡಬೇಕು.

ನರ ಅಂತ ಅನುಮಾನ ಗಟ್ಟಿಯಾದರೆ ಮುಂದಿನ ಹೆಜ್ಜೆ ಒಂದು ಇಂಜೆಕ್ಷನ್. ಹಲ್ಲು ಕೀಳುವ ಮುಂಚೆ ಕೊಡುತ್ತಾರಲ್ಲ, ಅದೇ ಮರಗಟ್ಟಿಸುವ ಔಷಧಿ, ಆ ಒಂದು ಬಿಂದುವಿಗೆ. ಹತ್ತಿಪ್ಪತ್ತು ನಿಮಿಷದಲ್ಲಿ ನೋವು ಅರ್ಧಕ್ಕಿಂತ ಕೆಳಗೆ ಇಳಿದರೆ ಕಾಯಿಲೆ ಅಲ್ಲೇ ಇದೆ ಅನ್ನುವುದಕ್ಕೆ ಒಳ್ಳೆಯ ಸಾಕ್ಷಿ. ಅದೇ ಚಿಕಿತ್ಸೆಯ ಮೊದಲ ಹೆಜ್ಜೆಯೂ ಹೌದು. ಕೆಲವರಿಗೆ ಒಂದೆರಡು ಇಂಜೆಕ್ಷನ್‌ಗೇ ನೋವು ಹೊರಟು ಹೋಗುತ್ತದೆ, ಕೆಲವರಿಗೆ ವಾರಗಳ ನಂತರ ವಾಪಸ್ ಬರುತ್ತದೆ, ಮತ್ತೆ ಕೊಡಬೇಕಾಗುತ್ತದೆ. ಜೊತೆಗೆ ಸ್ಟೀರಾಯ್ಡ್ ಬೆರೆಸುವುದೂ ಉಂಟು, ಸಕ್ಕರೆ ಕಾಯಿಲೆ ಇದ್ದರೆ ಕೆಲವು ದಿನ ಶುಗರ್ ಏರುತ್ತದೆ, ಮೊದಲೇ ಹೇಳಿ. ಚುಚ್ಚಿದ ಜಾಗ ಕಪ್ಪಾಗುವುದು, ಅಪರೂಪಕ್ಕೆ ಕೀವಾಗುವುದು, ಇನ್ನೂ ಅಪರೂಪಕ್ಕೆ ಅಲರ್ಜಿ, ಇವು ಇದರ ಅಪಾಯಗಳು. ಯಾವುದಕ್ಕೂ ಬಗ್ಗದವರಿಗೆ ಆ ಸಣ್ಣ ನರವನ್ನೇ ಕತ್ತರಿಸುವ ಆಪರೇಶನ್ ಇದೆ. ಅದು ಕೊನೆಯ ಮಾತು. ಎಲ್ಲರಿಗೂ ಫಲಿಸುವುದಿಲ್ಲ, ಅಲ್ಲಿನ ಚರ್ಮ ಮರಗಟ್ಟಬಹುದು.

ಮಂಡ್ಯದ ಮಿಮ್ಸ್ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಸರ್ಜರಿ ಓಪಿಡಿಗೆ ಹೋಗಿ ಶುರುಮಾಡಬಹುದು. ಇಂಜೆಕ್ಷನ್ ಕೊಡುವವರು ಹೆಚ್ಚಾಗಿ ಅನಸ್ತೇಶಿಯಾ ವಿಭಾಗದ ನೋವಿನ ತಜ್ಞರು. ಬೆಂಗಳೂರು ಬೇಕಾಗುವುದು ಇಲ್ಲಿ ದಾರಿ ಮುಗಿದ ಮೇಲೆ.

ಅಪೆಂಡಿಕ್ಸ್ ವಿಷಯ. ಆ ಸರ್ಜನ್ ಸುಮ್ನೆ ಹೇಳಿದರು ಅಂತ ನಾನು ಅನ್ನುವುದಿಲ್ಲ, ಬಲಗಡೆ ನೋವು ಅಂದಾಗ ಯಾರಿಗಾದರೂ ಅದು ಹೊಳೆಯುತ್ತದೆ. ಅಪೆಂಡಿಕ್ಸ್ ಮತ್ತೆ ಮತ್ತೆ ಊದುವುದೂ ಉಂಟು. ಆದರೆ ಅದು ದಾಳಿ ಬಂದ ಹಾಗೆ ಬರುತ್ತದೆ, ಜ್ವರ ವಾಂತಿ ಜೊತೆಗೆ, ನಡುವೆ ತಿಂಗಳುಗಟ್ಟಲೆ ಆರಾಮ. ಎರಡು ವರ್ಷ ದಿನಾ ನೋಯುವುದು, ಸಿಟಿಯಲ್ಲಿ ಏನೂ ಇಲ್ಲದಿರುವುದು ಅದರ ರೀತಿಯಲ್ಲ. ‘ತೆಗೆದು ನೋಡೋಣ’ ಅನ್ನುವ ಆಪರೇಶನ್‌ಗೂ ಅರಿವಳಿಕೆಯ ಅಪಾಯ ಇದೆ, ಗಾಯ ಕೀವಾಗುವ ಅಪಾಯ ಇದೆ, ಮುಂದೆ ಕರುಳು ಒಂದಕ್ಕೊಂದು ಅಂಟಿಕೊಂಡು ಅಡ್ಡಗಟ್ಟುವ ಅಪಾಯವೂ ಇದೆ. ಅದೆಲ್ಲಾ ಆದ ಮೇಲೂ ನೋವು ಹಾಗೇ ಉಳಿದರೆ ಮನೆಯಲ್ಲಿ ನಿಮ್ಮ ಮಾತಿಗೆ ಇರುವ ಬೆಲೆ ಇನ್ನೂ ಇಳಿಯುತ್ತದೆ, ಅಲ್ವಾ? ಅವರ ಹತ್ತಿರವೇ ಹೋಗಿ, ‘ಸರ್, ನೋವು ಹೊಟ್ಟೆಯ ಗೋಡೆಯದ್ದಾ ಒಳಗಿನದ್ದಾ ಅಂತ ಒಮ್ಮೆ ಮಲಗಿಸಿ ನೋಡ್ತೀರಾ’ ಅಂತ ಕೇಳಿ. ಕೇಳುವುದರಲ್ಲಿ ಅಗೌರವ ಏನೂ ಇಲ್ಲ.

ಇದನ್ನು ಓದುತ್ತಿರುವ ಬೇರೆಯವರ ನೋವು ಹೀಗಿರಲಿಕ್ಕಿಲ್ಲ. ಮಲವಿಸರ್ಜನೆಗೆ ಹೋದಾಗ ಕಡಿಮೆಯಾಗುವ ಇಲ್ಲ ಜಾಸ್ತಿಯಾಗುವ ನೋವು, ಒಂದಿಷ್ಟು ದಿನ ಭೇದಿ ಒಂದಿಷ್ಟು ದಿನ ಮಲಬದ್ಧತೆ, ಆರು ತಿಂಗಳಿಂದ ಹೀಗೇ ಇದ್ದು ಈಗ ವಾರಕ್ಕೊಮ್ಮೆಯಾದರೂ ಬರುತ್ತಿದ್ದರೆ ಅದು ಹೆಚ್ಚಾಗಿ ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್). ಇಲ್ಲಿ ಕರುಳಿನ ನರಗಳು ಸಣ್ಣದಕ್ಕೂ ಜೋರಾಗಿ ಕೂಗುತ್ತವೆ. ಇವರಿಗೆ ನಾನು ಮೊದಲು ಊಟ ಕೇಳುತ್ತೇನೆ. ಮುದ್ದೆ ಬಿಟ್ಟುಬಿಡಿ ಅಂತ ಯಾರೋ ಹೇಳಿರುತ್ತಾರೆ, ಸಾಮಾನ್ಯವಾಗಿ ತೊಂದರೆ ಮುದ್ದೆಯದ್ದಲ್ಲ, ಅದರ ಜೊತೆಯ ಹುರುಳಿಕಾಳು, ಅವರೆಕಾಳು, ಈರುಳ್ಳಿ ಬೆಳ್ಳುಳ್ಳಿ ಹೆಚ್ಚಾದ ಸಾರಿನದ್ದು. ದೊಡ್ಡ ಲೋಟದ ಹಾಲು ಕೂಡ ನಮ್ಮಲ್ಲಿ ಬಹಳ ದೊಡ್ಡವರಿಗೆ ಅರಗುವುದಿಲ್ಲ, ಮೊಸರು ಮಜ್ಜಿಗೆ ಅಷ್ಟು ತೊಂದರೆ ಕೊಡುವುದಿಲ್ಲ. ಒಂದೊಂದನ್ನೇ ಎರಡು ಮೂರು ವಾರ ಬಿಟ್ಟು ನೋಡಿ, ವ್ಯತ್ಯಾಸ ಇಲ್ಲದಿದ್ದರೆ ಮತ್ತೆ ತಿನ್ನಿ. ಎಲ್ಲಾ ಒಟ್ಟಿಗೆ ಬಿಟ್ಟು ಗಂಜಿ ಕುಡಿದು ಸೊರಗಬೇಡಿ. ಐಬಿಎಸ್‌ಗೂ ನರದ ನೋವಿಗೂ ಕೆಲವೊಮ್ಮೆ ಅಮಿಟ್ರಿಪ್ಟಿಲಿನ್ ಅನ್ನುವ ಮಾತ್ರೆ ಕಡಿಮೆ ಪ್ರಮಾಣದಲ್ಲಿ ಕೊಡುತ್ತೇವೆ. ಮೆಡಿಕಲ್ ಶಾಪಿನವರು ‘ಇದು ಡಿಪ್ರೆಶನ್ ಮಾತ್ರೆ’ ಅಂದ ತಕ್ಷಣ ಬಹಳ ಜನ ಬಿಟ್ಟುಬಿಡುತ್ತಾರೆ. ಇಲ್ಲಿ ಅದನ್ನು ಕೊಡುವುದು ನೋವು ಸಾಗಿಸುವ ನರಗಳನ್ನು ತಣಿಸಲು. ಕೆಲಸ ಶುರುವಾಗಲು ಕೆಲವು ವಾರ ಬೇಕು. ನಿದ್ದೆ ಮಂಪರು, ಬಾಯಿ ಒಣಗುವುದು, ಮಲಬದ್ಧತೆ ಬರಬಹುದು.

ಟೆನ್ಶನ್ ಬಗ್ಗೆಯೂ ಒಂದು ಮಾತು. ಮನಸ್ಸಿನ ಒತ್ತಡ ನೋವನ್ನು ಹೆಚ್ಚಿಸುತ್ತದೆ, ಅದು ನಿಜ. ಎರಡು ವರ್ಷದ ನೋವು ಟೆನ್ಶನ್ ತರುತ್ತದೆ, ಅದೂ ನಿಜ. ಆದರೆ ರಿಪೋರ್ಟ್ ನಾರ್ಮಲ್ ಅನ್ನುವ ಒಂದೇ ಕಾರಣಕ್ಕೆ ಟೆನ್ಶನ್ ಅಂತ ಬರೆದು ಕಳಿಸುವುದು ರೋಗ ಪತ್ತೆ ಅಲ್ಲ.

ಇವುಗಳಲ್ಲಿ ಯಾವುದಾದರೂ ಇದ್ದರೆ ಮಾತ್ರ ಹುಡುಕಾಟ ನಿಲ್ಲಿಸಬೇಡಿ, ಇನ್ನೂ ಮುಂದಕ್ಕೆ ಹೋಗಬೇಕು: ಕಾರಣವಿಲ್ಲದೆ ತೂಕ ಇಳಿಯುವುದು, ಮಲದಲ್ಲಿ ರಕ್ತ ಅಥವಾ ಡಾಂಬರಿನ ಬಣ್ಣದ ಮಲ, ಸಂಜೆ ಜ್ವರ, ಕಾಮಾಲೆ, ಪದೇ ಪದೇ ವಾಂತಿ, ರಕ್ತಹೀನತೆ, ಕೈಗೆ ಸಿಗುವ ಗಡ್ಡೆ, 50 ದಾಟಿದ ಮೇಲೆ ಹೊಸದಾಗಿ ಶುರುವಾದ ನೋವು. ನಮ್ಮ ದೇಶದಲ್ಲಿ ಕರುಳಿನ ಟಿಬಿಯನ್ನು ಮರೆಯಲೇಬಾರದು. ಅದು ಬಲಗಡೆ ಕೆಳಹೊಟ್ಟೆಯಲ್ಲೇ ಹೆಚ್ಚು, ಕೆಮ್ಮು ಇರಲೇಬೇಕು ಅಂತಿಲ್ಲ. ಕೊಲೊನೋಸ್ಕೋಪಿ (ಗುದದ್ವಾರದಿಂದ ಕ್ಯಾಮೆರಾ ಕೊಳವೆ ಹಾಕಿ ದೊಡ್ಡ ಕರುಳು ನೋಡುವುದು) ಮಾಡಿ ಚೂರು ತೆಗೆದು ನೋಡಿದರೆ ಹೆಚ್ಚಾಗಿ ಗೊತ್ತಾಗುತ್ತದೆ, ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ, ಸಾಮಾನ್ಯವಾಗಿ 6 ತಿಂಗಳಿಗೆ ವಾಸಿಯಾಗುತ್ತದೆ. ಬೆನ್ನಿಗೆ ತೂರುವ ನೋವು, ಊಟವಾದ ಮೇಲೆ ಜಾಸ್ತಿ, ಎಣ್ಣೆ ಎಣ್ಣೆಯಾದ ಮಲ ಇದ್ದರೆ ಮೇದೋಜೀರಕ ಗ್ರಂಥಿ ನೋಡಿಸಿ. ಎಲ್ಲಿಂದಲೋ ತಂದ ಭಸ್ಮ ತಿಂಗಳುಗಟ್ಟಲೆ ತಿನ್ನುತ್ತಿದ್ದರೆ ಅದನ್ನು ಮುಚ್ಚಿಡಬೇಡಿ, ಕೆಲವು ಭಸ್ಮಗಳಲ್ಲಿ ಸೀಸ ಸಿಕ್ಕಿದೆ. ಸೀಸ ಮೈಗೆ ಸೇರಿದರೆ ಹೊಟ್ಟೆ ಹಿಂಡುವ ನೋವು, ಮಲಬದ್ಧತೆ, ರಕ್ತಹೀನತೆ ಎಲ್ಲಾ ಬರುತ್ತವೆ.

ಡಾಕ್ಟರ ಹತ್ತಿರ ಹೋಗುವ ಮುಂಚೆ ಒಂದು ಕೆಲಸ ಮಾಡಿ. ಬಟ್ಟೆ ಅಂಗಡಿ ಕವರಿನಲ್ಲಿ ತುಂಬಿಟ್ಟಿರುವ ರಿಪೋರ್ಟ್‌ಗಳನ್ನು ತಾರೀಕಿನ ಪ್ರಕಾರ ಜೋಡಿಸಿ. ಮಗುವಿನ ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಎರಡು ವಾರ ಬರೆದಿಡಿ: ನೋವು ಯಾವಾಗ ಬಂತು, ಆಗ ಏನು ಮಾಡುತ್ತಿದ್ದಿರಿ, ಮುಟ್ಟಿನ ದಿನ ಯಾವುದು, ಯಾವ ಮಾತ್ರೆ ತೆಗೆದುಕೊಂಡಿರಿ. ಐದು ನಿಮಿಷ ಸಿಗುವ ಕಡೆ ಆ ಹಾಳೆ ನಿಮ್ಮ ಪರವಾಗಿ ಮಾತಾಡುತ್ತದೆ. ಮನೆಯವರನ್ನು ಜೊತೆಗೆ ಕರೆದುಕೊಂಡು ಹೋಗಿ, ಪರೀಕ್ಷೆ ಮಾಡುವಾಗ ಅವರು ಒಳಗೇ ಇರಲಿ. ಒಂದೇ ಬಿಂದುವಿನಲ್ಲಿ ನೋವು ಜಿಗಿಯುವುದನ್ನು ಕಣ್ಣಾರೆ ಕಂಡವರು ಮತ್ತೆ ನಾಟಕ ಅನ್ನುವುದಿಲ್ಲ.

ಗ್ಯಾಸ್ ಮಾತ್ರೆಯನ್ನು ಡಾಕ್ಟರಿಗೆ ಹೇಳಿ ನಿಧಾನವಾಗಿ ಬಿಡಿ. ಒಮ್ಮೆಲೇ ಬಿಟ್ಟರೆ ಒಂದೆರಡು ವಾರ ಹುಳಿತೇಗು, ಎದೆಯುರಿ ಜಾಸ್ತಿಯಾಗಬಹುದು, ಅದು ಕಾಯಿಲೆ ವಾಪಸ್ ಬಂದದ್ದಲ್ಲ. ನೋವಿಗೆ ಅಂಗಡಿಯಲ್ಲಿ ಕೇಳಿ ಡೈಕ್ಲೋಫಿನಾಕ್ ಮಾತ್ರೆ, ಇಂಜೆಕ್ಷನ್ ತೆಗೆದುಕೊಳ್ಳುವ ಅಭ್ಯಾಸ ಇದ್ದರೆ ನಿಲ್ಲಿಸಿ, ಇಲ್ಲದ ಅಲ್ಸರ್ ಬರುವುದು ಅದರಿಂದಲೇ, ಕಿಡ್ನಿಗೂ ಪೆಟ್ಟು. ಈ ನಡುವೆ ಯಾವತ್ತಾದರೂ ನೋವಿನ ರೀತಿಯೇ ಬದಲಾಗಿ ಹೊಟ್ಟೆ ಹಲಗೆಯಂತೆ ಬಿಗಿದರೆ, ವಾಂತಿ ನಿಲ್ಲದಿದ್ದರೆ, ಗಾಳಿ ಮಲ ಎರಡೂ ಕಟ್ಟಿದರೆ, ತಲೆ ಸುತ್ತಿ ಬಿದ್ದರೆ, ಮುಟ್ಟು ತಪ್ಪಿ ಕೆಳಹೊಟ್ಟೆ ನೋವು ಬಂದರೆ (ಮಕ್ಕಳಾಗದ ಆಪರೇಶನ್ ಆದವರಿಗೂ ಅಪರೂಪಕ್ಕೆ ನಾಳದಲ್ಲಿ ಗರ್ಭ ನಿಲ್ಲುತ್ತದೆ) ಇದನ್ನೆಲ್ಲಾ ಪಕ್ಕಕ್ಕಿಟ್ಟು 108ಕ್ಕೆ ಫೋನ್ ಮಾಡಿ, ಅವತ್ತೇ ಆಸ್ಪತ್ರೆಗೆ ಹೋಗಿ.